ಕಾಮಕಸ್ತೂರಿಗೆ ಬೇರು ಬಂದ ಸುದ್ದಿ

ಜಂಗಮಕೋಟೆ
ಭಾನುವಾರ, 14 ಜುಲೈ 2024

ಪೇಂಟ್ ಬಕೆಟ್ಟಿನಲ್ಲಿ ವಿರಾಜಮಾನರಾಗಿರುವ ಅಧ್ಯಕ್ಷೆ ಪುದೀನ ಅವರೇ, ಬಿರುಕುಬಿಟ್ಟ ಕುಕ್ಕರಿನಲ್ಲಿರುವ ದೊಡ್ಡಪತ್ರೆಯವರೇ, ಎಣ್ಣೆ ಡಬ್ಬದ ಕಾಮಕಸ್ತೂರಿಯವರೇ, ಹಾಗೂ ಗೌರಿಬಿದನೂರಿನಲ್ಲಿ ತಮ್ಮ ಅಕ್ಕನ ಮನೆಯಲ್ಲಿ ಕೂತು ಈ ಸಭೆಗೆ ಗೈರುಹಾಜರಾಗಿರುವ ನನ್ನ ಹೆಂಡತಿ ಕಲ್ಯಾಣಿಯವರೇ,

ಈ ಕಾಲದಲ್ಲಿ ಕಾಗದ ಬರೆಯುವುದು ಕಷ್ಟ; ನೀನು ಫೋನ್ ಎತ್ತುವುದಿಲ್ಲ ಎಂಬುದು ಸ್ಪಷ್ಟ. ನಲವತ್ತೈದು ದಾಟಿದರೂ ಪ್ರಾಸದ ಚಟ ಬಿಟ್ಟಿಲ್ಲ ನೋಡು. ಬಿ.ಎ. ಓದಿದ್ದಕ್ಕೆ ಉಳಿದ ಆಸ್ತಿ ಅದೊಂದೇ.

ಮೊದಲು ಮನೆ ಸಮಾಚಾರ. ಅಮ್ಮ ಚೆನ್ನಾಗಿದ್ದಾಳೆ. ರೇಷ್ಮೆಹುಳ ಮೂರನೇ ಜ್ವರ ಎದ್ದು, ಪೊರೆ ಕಳಚಿ, ಗಬಗಬ ಸೊಪ್ಪು ತಿನ್ನುತ್ತಿವೆ. ನೀನಿಲ್ಲ ಎಂದು ಯಾವ ಕೆಲಸವೂ ನಿಂತಿಲ್ಲ.

ಇನ್ನು ಕುಂಡಗಳ ವಿಷಯ. ಹುಳ ಸಾಕುವ ಮನೆಯಲ್ಲಿ ಘಾಟು ಇರಬಾರದೆಂದು ಅಮ್ಮ ಹೇಳಿದಳು, ನಾನು ಹೊತ್ತುಕೊಂಡು ಹೋಗಿ ಕೊಟ್ಟಿಗೆ ಹಿಂದೆ ಇಟ್ಟೆ. ನೀನು ಬಾಗಿಲಲ್ಲಿ ನಿಂತು, “ಇಷ್ಟು ವರ್ಷ ಒಗ್ಗರಣೆಗೂ ಪರ್ಮಿಷನ್ ಕೇಳಿದ್ದೀನಿ. ಘಮ ಇರಬಾರದ ಮನೇಲಿ ನಾನೂ ಇರಲ್ಲ” ಅಂದೆ. ಬಸ್ಸು ಹತ್ತಿದೆ.

ಗಿಡಗಳು ಮಳೆ ಕುಡಿದು ಕೊಬ್ಬಿ ಅಡ್ಡಾದಿಡ್ಡಿ ಉದ್ದವಾದವು. ನನಗೆ ಗೊತ್ತಿರುವ ಬೆಳೆ ಹಿಪ್ಪುನೇರಳೆ ಒಂದೇ. ಅದನ್ನು ಕೊಯ್ಯುವ ಕುಡುಗೋಲನ್ನೇ ತಂದೆ, ಅದನ್ನು ಕೊಯ್ಯುವ ಹಾಗೇ ಎಲ್ಲವನ್ನೂ ಬುಡಕ್ಕೆ ಕೊಯ್ದೆ.

ಅಮ್ಮ ಬಂದು ಕೆನ್ನೆಗೆ ಕೈಯಿಟ್ಟಳು.

“ಅಯ್ಯೋ ನಾಯನಾ! ಹೆಂಡ್ತೀನೂ ಕಳಿಸ್ದೆ, ಅವಳ ಗಿಡಾನೂ ಕಳಿಸ್ದೆ!”

“ಕುಂಡ ಹೊರಗಿಡು ಅಂದೋಳು ನೀನೇ ಅಲ್ವೇನಮ್ಮ?”

“ಹೊರಗಿಡು ಅಂದೆ ಕಣೋ, ತಲೆ ತೆಗಿ ಅಂದ್ನಾ?”

ಪುದೀನ ಮಣ್ಣೊಳಗಿಂದ ಎದ್ದು ಬಂತು. ದೊಡ್ಡಪತ್ರೆಯೂ ಮೋಟಿನಿಂದ ಕಣ್ಣು ಬಿಟ್ಟಿತು. ಕಾಮಕಸ್ತೂರಿಯ ಬುಡ ಮಾತ್ರ ಕಪ್ಪಾಯಿತು. ನೀನು ಬೀಜ ಹಾಕಿ ಸಾಕಿದ ಗಿಡ ಅದು. ನೀನು ಬಂದರೆ ಏನು ತೋರಿಸಲಿ? ಕೊಯ್ದ ದಿನವೇ ಅದರ ಕೊಂಬೆಗಳನ್ನು ಎಸೆಯಲು ಮನಸ್ಸಾಗದೆ, ನೀನು ಟೀ ಕುಡಿಯುವ ಗಾಜಿನ ಲೋಟದಲ್ಲಿ ನೀರು ಹಾಕಿ ಇಟ್ಟಿದ್ದೆ. ಪಶ್ಚಾತ್ತಾಪಕ್ಕೆ ಒಂದು ಲೋಟ ನೀರು, ಅಷ್ಟೇ.

ಒಂದು ಬೆಳಗ್ಗೆ ಅಮ್ಮ ಕೂಗಿದಳು: “ಲೇ ಮಧು, ಚೂಡ್ರಾ, ನೋಡೋ ಇಲ್ಲಿ! ಬೇರು ಬಿಟ್ಟೈತೆ ಕಣೋ!”

ನೀರೊಳಗೆ ಬಿಳಿ ಎಳೆಗಳು, ಕಲ್ಯಾಣಿ. ಹುಟ್ಟಿದಾಗಿನಿಂದ ರೇಷ್ಮೆ ಎಳೆ ನೋಡಿದವನು ನಾನು. ಆದರೆ ಆ ಎಳೆಗೆ ಒಂದು ಹುಳ ಬೇಕು, ಹುಳಕ್ಕೆ ಹೊಟ್ಟೆ ತುಂಬ ಸೊಪ್ಪು ಬೇಕು. ಇದಕ್ಕೆ ಮಣ್ಣಿಲ್ಲ, ಬುಡವಿಲ್ಲ. ನಾನು ಕೊಯ್ದ ಕಡೆಯಿಂದಲೇ, ಬರೀ ನೀರಿನಲ್ಲಿ, ಯಾರನ್ನೂ ಕೇಳದೆ ಬದುಕಲು ಶುರುಮಾಡಿತ್ತು. ಅಮ್ಮ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಕುಂಡ ಹೊರಗಿಡು ಅಂದವಳೇ ಹಾಗೆ ನೋಡಿದ್ದು ಆ ದಿನದ ಎರಡನೇ ಪವಾಡ.

ಅವನ್ನು ಡಬ್ಬದಲ್ಲಿ ನೆಟ್ಟೆ, ಬೇರೂರಿದವು. ಈಗ ಕುಡುಗೋಲು ಮುಟ್ಟುವುದಿಲ್ಲ. ಜೋಡಿ ಎಲೆಯ ಮೇಲೆ ತುದಿಯನ್ನು ಉಗುರಲ್ಲಿ ಚಿವುಟುತ್ತೇನೆ. ಆಮೇಲೆ ನೋಡಿದರೆ ಪ್ರತಿ ಎಲೆಯ ಕಂಕುಳಲ್ಲೂ ಒಂದೊಂದು ಕುಡಿ. ದಿನಾ ನೋಡುತ್ತೇನೆ, ದಿನಾ ಬೆರಗಾಗುತ್ತೇನೆ. ಚಿವುಟಿದ್ದು ಒಂದು, ಚಿಗುರಿದ್ದು ಎರಡು. ಚಿವುಟಿದವನ ಬುದ್ಧಿ ಮಾತ್ರ ಕೊರಡು.

ಇಲ್ಲಿಗೆ ಸಭೆ ಬರಖಾಸ್ತು.

ಸಭೆಯ ಕಾರ್ಯದರ್ಶಿ,
ಮಧುಸೂದನ್

ಮರೆತ ಮಾತು: ಹುಳದ ವಿಷಯ ಬರೆದದ್ದು ಸುಳ್ಳು. ಈ ಬೆಳೆಗೆ ಹುಳವನ್ನೇ ತಂದಿಲ್ಲ. ತರಲು ಹೊರಟಾಗ ಎಷ್ಟು ಸೋಪು ಹಾಕಿ ಉಜ್ಜಿದರೂ ಕುಡಿ ಚಿವುಟಿದ ಬೆರಳಿನ ಘಮ ಹೋಗಲಿಲ್ಲ. ಆ ಕೈಯಲ್ಲಿ ಹುಳಕ್ಕೆ ಸೊಪ್ಪು ಹಾಕುವಂತಿಲ್ಲ. ಬಸ್‌ಸ್ಟಾಪಿನಲ್ಲಿ ಕೈಯನ್ನು ಮೂಗಿನ ಹತ್ತಿರ ಇಟ್ಟುಕೊಂಡು ನಿಂತಿದ್ದವನು ವಾಪಸ್ ಬಂದೆ. ಕುಂಡಗಳೆಲ್ಲ ಈಗ ಹುಳುಮನೆಯ ಕಿಟಕಿಯಲ್ಲಿವೆ. ಹೊತ್ತು ತಂದು ಇಟ್ಟವಳು ಅಮ್ಮ. ಸಭೆಯೂ ಇಲ್ಲ, ಗಿಭೆಯೂ ಇಲ್ಲ. ನೀನಿಲ್ಲದೆ ನನಗೆ ಆಗ್ತಿಲ್ಲ ಕಣೇ. ಬಾ.