ಏಳು ಗಂಟೆಯ ಗೇಟು ನಮಗೆ ಸಾಲದು

ಕ್ರೀಡಾಂಗಣದ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ಬೆಳಗಿನ ಐದಕ್ಕೆ ಗೇಟು ತೆಗೆಸಿ. ಮಾನ್ಯರೇ, ಮಹನೀಯರೇ ಎಂದೆಲ್ಲ ಆಮೇಲೆ ಬರೆಯುತ್ತೇನೆ. ಹೋದ ತಿಂಗಳವರೆಗೆ ಐದಕ್ಕೇ ತೆಗೆಯುತ್ತಿದ್ದರು. ಈಗ ‘ಸಾರ್ವಜನಿಕರ ಸುರಕ್ಷತೆಯ ಹಿತದೃಷ್ಟಿಯಿಂದ ಏಳರ ಮೊದಲು ಪ್ರವೇಶವಿಲ್ಲ’ ಎಂದು ಫಲಕ ನೇತುಹಾಕಿಸಿದ್ದೀರಿ. ನಿಮ್ಮ ಆ ಸುರಕ್ಷತೆ ನನ್ನ ಮಗಳ ಹುಬ್ಬಿಗೆ ನಾಲ್ಕು ಹೊಲಿಗೆ ಹಾಕಿಸಿದೆ.

ಅವಳಿಗೆ ಇಪ್ಪತ್ತೇಳು ವರ್ಷ. ಕಣ್ಣಿನ ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬಂದು ಈಗ ಕೊಳವೆಯೊಳಗಿಂದ ಇಣುಕಿದಷ್ಟು ಉಳಿದಿದೆ. ಮಬ್ಬು ಬೆಳಕಿನಲ್ಲಿ ಅದೂ ಇಲ್ಲ. ಮುಂದಿನ ವರ್ಷ ಹೇಗೆ ಎಂದು ಕೇಳಿದರೆ ಡಾಕ್ಟರು ಕಾಗದ ತಿರುವುತ್ತಾರೆ. ಬೆನ್ನಿಗೆ ಚೀಲ ಹೊತ್ತು ಆರು ದಿನ ನಡೆದು, ಹದಿನಾಲ್ಕು ಸಾವಿರ ಅಡಿ ಎತ್ತರದ ಹಿಮದ ಕಣಿವೆಯನ್ನು ಇರುವಷ್ಟು ಕಣ್ಣಲ್ಲಿ ನೋಡಿ ಬರಬೇಕು ಎನ್ನುವುದು ಅವಳ ಆಸೆ. ಕರೆದೊಯ್ಯುವವರು ಷರತ್ತು ಹಾಕಿದ್ದಾರೆ: ಅವಳೂ ಅವಳ ಜತೆಗಾರನೂ ಐದು ಕಿಲೋಮೀಟರನ್ನು ನಲವತ್ತು ನಿಮಿಷದೊಳಗೆ ಓಡಿ ತೋರಿಸಬೇಕು. ಜತೆಗಾರ ನಾನು. ಅರವತ್ತೊಂದು ವರ್ಷ, ಲೇತ್ ಮೆಷಿನ್ ಮುಂದೆ ನಿಂತು ನಿಂತು ಸವೆದ ಮಂಡಿ. ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ.

ಎರಡು ತಿಂಗಳು ನಿಮ್ಮ ಮೈದಾನದಲ್ಲಿ ಓಡಿದೆವು. ಇಬ್ಬರ ಮಣಿಕಟ್ಟಿಗೂ ಸೇರಿ ಒಂದು ಮೊಳ ಹಗ್ಗ. ಅವಳು ಒಳಬದಿ, ನಾನು ಹೊರಬದಿ. ನೇರ ನೂರು ಹೆಜ್ಜೆ, ಆಮೇಲೆ ಎಡಕ್ಕೆ ತಿರುವು. ಎಣಿಸದೆಯೇ ತಿರುಗುವಷ್ಟು ಅವಳ ಕಾಲು ಪಳಗಿತ್ತು. ನೀವು ಬೀಗ ಜಡಿದ ಮೂರನೆಯ ದಿನ ಬೀದಿಗೆ ಇಳಿದೆವು. ನೂರು ಹೆಜ್ಜೆ ಆಯಿತೋ ಇಲ್ಲವೋ, ಅವಳು ತನ್ನ ಪಾಡಿಗೆ ಎಡಕ್ಕೆ ತಿರುಗಿಬಿಟ್ಟಳು! ಅಲ್ಲಿ ನಿಂತಿದ್ದ ತಳ್ಳುಗಾಡಿಯ ಮೂಲೆ ಹುಬ್ಬಿಗೆ ಬಡಿಯಿತು. ಕೂಗಿ ಹೇಳಬೇಕಾಗಿದ್ದವನು ನಾನು. ಏದುಸಿರಿನಲ್ಲಿ ದನಿಯೇ ಹೊರಡಲಿಲ್ಲ. ರಕ್ತ ಒರೆಸಿಕೊಳ್ಳುತ್ತಾ ಅವಳು ಕೇಳಿದ್ದು, “ಅಪ್ಪಾ, ಎಷ್ಟು ನಿಮಿಷ ಆಯ್ತು?”

ಮರುದಿನ ಐದಕ್ಕೇ ನಿಮ್ಮ ಗೇಟಿಗೆ ಹೋದೆ. ಕಾವಲುಗಾರ ಒಳಗೆ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ.

“ಏನಯ್ಯಾ, ಹುಲ್ಲಿಗೆ ಮಾತ್ರ ಐದಕ್ಕೇ ಬೆಳಗಾಗತ್ತಾ?”

“ಬೈಬೇಡಿ ಯಜಮಾನ್ರೇ. ಬೀಗದ ಕೈ ನನ್ ಜೇಬಲ್ಲಿದೆ, ಅಧಿಕಾರ ಸಾಹೇಬ್ರ ಜೇಬಲ್ಲಿದೆ.”

ಸಾಹೇಬರ ಕಚೇರಿಗೂ ಹೋದೆ. ನೀವು ಸಭೆಯಲ್ಲಿದ್ದಿರಂತೆ. ನಿಮ್ಮ ಗುಮಾಸ್ತ ಕೇಳಿದ, “ಅಂಧರ ಪ್ರಮಾಣಪತ್ರ ಇದ್ಯಾ?”

“ಇನ್ನೂ ಪೂರ್ತಿ ಹೋಗಿಲ್ಲ ಕಣಪ್ಪಾ.”

“ಹಾಗಾದ್ರೆ ವಿಶೇಷ ಅನುಮತಿ ಕೊಡಕ್ಕಾಗಲ್ಲ. ಪೂರ್ತಿ ಹೋದ್ಮೇಲೆ ಬನ್ನಿ.”

ಪೂರ್ತಿ ಹೋದ ಮೇಲೆ ಯಾವ ಕಣಿವೆ ನೋಡಲು ಓಡಬೇಕು, ಸ್ವಾಮಿ? ಆಗ ನಾನು ಮೇಜು ಗುದ್ದಿದ್ದು ನಿಜ. ನೀರಿನ ಲೋಟ ಉರುಳಿ ನಿಮ್ಮ ಕಡತ ನೆನೆದದ್ದೂ ನಿಜ. ಕ್ಷಮಾಪಣೆ ಬೇಕೆಂದರೆ ಬರೆದುಕೊಡುತ್ತೇನೆ, ಕಾಲಿಗೆ ಬೀಳು ಎಂದರೆ ಬೀಳುತ್ತೇನೆ. ಇಲ್ಲಿಯವರೆಗೆ ಯಾರ ಕಾಲಿಗೂ ಬಿದ್ದವನಲ್ಲ. ಏಳಕ್ಕೆ ಬನ್ನಿ ಎಂದು ಮಾತ್ರ ಹೇಳಬೇಡಿ. ಏಳಕ್ಕೆ ನಾನು ವರ್ಕ್‌ಶಾಪಿನಲ್ಲಿ, ಅವಳು ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸದಲ್ಲಿ. ಸಂಜೆಯ ಮೈದಾನವನ್ನು ನೀವೇ ತರಬೇತಿ ತಂಡಗಳಿಗೆ ಬಿಟ್ಟುಕೊಟ್ಟಿದ್ದೀರಿ.

ನಿನ್ನೆ ಮಗಳು ಓಡುವ ಬೂಟು ತೊಳೆದು ಒಣಗಿಸಿ, ಪೆಟ್ಟಿಗೆಗೆ ತುಂಬುತ್ತಿದ್ದಳು. “ಬಿಡಪ್ಪಾ, ಆ ಗೇಟಿನವರ ಹತ್ರ ಎಷ್ಟು ಅಂತ ಜಗಳ ಆಡ್ತೀಯ? ಆ ಕಣಿವೇನ ನೀನೊಬ್ನೇ ಹೋಗಿ ನೋಡ್ಕೊಂಡು ಬಾ. ಬಂದು ಹೇಳು, ನಂಗೆ ಅಷ್ಟೇ ಸಾಕು” ಎಂದಳು.

ಅಧಿಕಾರಿಗಳೇ, ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬೈಯುವುದಕ್ಕೆ ನನ್ನ ಹತ್ತಿರ ಬೇಕಾದಷ್ಟು ಮಾತಿದೆ. ಹಿಮ ಹೇಗಿತ್ತಪ್ಪಾ ಎಂದು ಅವಳು ಕೇಳಿದರೆ, ಬೆಳ್ಳಗಿತ್ತು ಎಂದೇನು. ಅದರ ಮೇಲೆ ಒಂದು ಮಾತೂ ನನ್ನ ಬಾಯಿಗೆ ಬರುವುದಿಲ್ಲ. ಅವಳೇ ನೋಡಬೇಕು. ಹತ್ತೊಂಬತ್ತು ದಿನ, ಐದರಿಂದ ಆರೂಕಾಲು. ನಾಳೆಯಿಂದಲೇ ತೆಗೆಸಿ.

ಇಂತಿ,
ನಿಮ್ಮ ಕಡತ ನೆನೆಸಿದ ಮುದುಕ