ರ‍್ಯಾಮ್ ಹಾಕಿಸಿದೆ, ದಾನೇಶ್ವರಿ

ದಾನೇಶ್ವರಿ,

ನೀನು ಹೋಗಿ ಹನ್ನೊಂದು ದಿನವಾಯಿತು. ಗೋಡೆಗೆ ಹಾಕಲು ನಿನ್ನ ಆಧಾರ್ ಕಾರ್ಡಿನ ಫೋಟೋ ಬೇಡವೆಂದು ಮಗಳು ಕೋಮಲ ಹಟ ಹಿಡಿದಳು. ನಮ್ಮ ಫೋಟೋ ಸ್ಟುಡಿಯೋದ ಹಾರ್ಡ್‌ಡಿಸ್ಕುಗಳನ್ನೆಲ್ಲ ಹುಡುಕಿದೆ. ಈಚಿನ ವರ್ಷಗಳಲ್ಲಿ ನೀನಿರುವುದು ಒಂದರಲ್ಲೇ, ಗೊಳಸಂಗಿಯ ಮದುವೆಯಲ್ಲಿ ನಾನು ತೆಗೆದ ಗುಂಪು ಫೋಟೋದಲ್ಲಿ. ಅದನ್ನು ದೊಡ್ಡದು ಮಾಡಲು ಹೋದರೆ ನಮ್ಮ ಹಳೆಯ ಕಂಪ್ಯೂಟರ್ ನಿಂತೇಬಿಡುತ್ತಿತ್ತು.

ಇವತ್ತು ಬೆಳಿಗ್ಗೆ ರಿಪೇರಿಯ ಪರಶುವನ್ನು ಕರೆಸಿ, ಕಂಪ್ಯೂಟರ್ ಚುರುಕಾಗಲೆಂದು ಹೊಸ ರ‍್ಯಾಮ್ ಹಾಕಿಸಿದೆ.

"ಹಾಕಸ್ರಿ ಅಂತ ವೈನಿ ನಾಕ್ ವರ್ಷದಿಂದ ಹೇಳ್ತಿದ್ರಲ್ರಿ," ಎಂದ ಅವನು, ನಿನ್ನನ್ನು ನೆನೆದು.

ಫೋಟೋ ಥಟ್ಟನೆ ತೆರೆಯಿತು. ನೀನು ಒಂದು ಅಂಚಿನಲ್ಲಿ ನನಗಾಗಿ ಲೈಟು ಹಿಡಿದು ನಿಂತಿದ್ದೀಯ. ಅರ್ಧ ಮುಖ ಲೈಟಿನ ಹಿಂದೆ ಮರೆಯಾಗಿದೆ, ಉಳಿದರ್ಧ ಮಸುಕಾಗಿದೆ.

"ಇನ್ನೊಂದಿಷ್ಟು ಸ್ವಚ್ಛ ಆಗಾಂಗಿಲ್ಲೇನು?" ಎಂದೆ.

"ಫೋಟೋದಾಗ ಇಲ್ಲದ್ದನ್ನ ರ‍್ಯಾಮ್ ಎಲ್ಲಿಂದ ತರ್ತೈತ್ರಿ, ಅಣ್ಣಾರ," ಎಂದು ಪರಶು ತನ್ನ ಸಾಮಾನು ಎತ್ತಿಕೊಂಡ.

ಸಂಜೆ ಕೋಮಲ ಶಾಲೆಯಿಂದ ನೇರ ಸ್ಟುಡಿಯೋಕ್ಕೆ ಬಂದಳು.

"ಅಪ್ಪಾ, ಅವ್ವನ ಫೋಟೋ ಆತೇನು?"

"ನಾಳಿ ಆಗ್ತೈತಿ," ಎಂದೆ.

ಮದುವೆಯವರ ಆಲ್ಬಮ್ಮಿಗೆ ಹಾಕುವಾಗ ಆ ಅಂಚು ಚಂದ ಕಾಣುವುದಿಲ್ಲವೆಂದು, ಅದನ್ನು ನಿನ್ನ ಸಮೇತ ಕತ್ತರಿಸಿ ತೆಗೆದವನು ನಾನೇ ಎಂದು ಅವಳಿಗೆ ಹೇಳಲಿಲ್ಲ.