ದಪ್ಪ ತಂತಿಯ ಕಂಠ

ಪಪ್ಪಾ,

ನೀವು ತೀರಿಹೋದ ಮೇಲೆ ಜೋಯೆಲ್ ನಿಮ್ಮ ಗಿಟಾರಿನ ದಪ್ಪ ತಂತಿ ತೆಗೆಸಿ ತೆಳು ತಂತಿ ಹಾಕಿಸಿದ್ದ, ಬೆರಳು ನೋಯಬಾರದೆಂದು. ಅದರಲ್ಲಿ ನಿಮ್ಮ ಟ್ಯೂನುಗಳು ನಿಮ್ಮವೆನಿಸುತ್ತಿರಲಿಲ್ಲ.

ಕಾರಣವನ್ನು ಶನಿವಾರ ಡ್ಯಾಂಡಿನಾಂಗಿನ ಕ್ಲಾಸಿನಲ್ಲಿ ಅವನ ಗಿಟಾರ್ ಮೇಷ್ಟ್ರು ಗ್ರಹಾಂ ಹೇಳಿದರು. ಅವರು ಹರೆಯದಲ್ಲಿ ಸಿಡ್ನಿಯ ಡಾನ್ಸ್ ಹಾಲ್‌ಗಳಲ್ಲಿ ನುಡಿಸಿದವರು. ಮೊದಲ ರಾಕ್ ಅಂಡ್ ರೋಲ್ ಬ್ಯಾಂಡ್‌ಗಳಲ್ಲಿ ಗಿಟಾರ್ ಹೆಚ್ಚಾಗಿ ಹಾಡುಗಾರನ ಹಿಂದೆಯೇ ಇರುತ್ತಿತ್ತಂತೆ; ನಡುವೆ ಮೆರೆಯುತ್ತಿದ್ದುದು ಸ್ಯಾಕ್ಸೋಫೋನ್. ಹಾಡುಗಾರನೇ ಇಲ್ಲದ ಬ್ಯಾಂಡ್‌ಗಳು ಬಂದಾಗ ಟ್ಯೂನು ಗಿಟಾರಿನ ದಪ್ಪ ತಂತಿಗಳಿಗೆ ಇಳಿಯಿತು, ಗಂಡು ಕಂಠದಂತೆ ಕೇಳಲೆಂದು. ಆಮೇಲೆ ಸ್ವರ ಮಾರ್ದನಿಸುವ ಎಕೋ ಸೇರಿತು. ಕಡಲತೀರದ ಹುಡುಗರು ಕುಣಿಯತೊಡಗಿದ ಮೇಲೆ ವೇಗವೂ ಸೇರಿತು.

ಕಾರಿನಲ್ಲಿ ಜೋಯೆಲ್ ಕೇಳಿದ, "ಮಮ್ಮಿ, ಗ್ರ್ಯಾಂಡ್‌ಪಾ ಹಾಡ್ತಿದ್ರಾ?"

"ಗಂಟಲಿನ ಆಪರೇಷನ್ ಆಗೋವರೆಗೆ ಚರ್ಚಲ್ಲಿ ಅವರದ್ದೇ ಸ್ವರ ಮಾರಾಯ. ಗಿಟಾರ್ ಹಿಡಿದದ್ದು ಆಮೇಲೆ."

"ಸೋ ದಟ್ಸ್ ವೈ," ಎಂದ.

ನಿನ್ನೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ದಪ್ಪ ತಂತಿ ಹಾಕಿದ. ನಿಮ್ಮ ಕೋಣೆಯಲ್ಲೇ ಕೂತು ನುಡಿಸಿದ, ಸಾಕಷ್ಟು ಜೋರಾಗಿಯೇ. ನಾನು ಅಡುಗೆಮನೆಯಲ್ಲಿದ್ದೆ. ನೀವು ನುಡಿಸುವಾಗ ಮುಚ್ಚುತ್ತಿದ್ದಂತೆ ಈ ಸಲ ಎದ್ದು ಹೋಗಿ ಬಾಗಿಲು ಮುಚ್ಚಲಿಲ್ಲ ಪಪ್ಪಾ. ಒಲೆ ಆರಿಸಿ, ಮುಗಿಯುವವರೆಗೂ ಕೇಳಿದೆ.

ನಿಮ್ಮ
ಜೊವಾನಿಟಾ